ಸಂಧಿವಾತ ಬದುಕನ್ನು ಎಷ್ಟು ಕುಗ್ಗಿಸುತ್ತದೆ, ಅದನ್ನು ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಕೀಲುನೋವಿನ ಬಗ್ಗೆ ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಕೇಳೋಕೆ ಹೋದವಳಿಗೇ ಜನ ತಿರುಗಿ ಪ್ರಶ್ನೆ ಹಾಕುತ್ತಿದ್ದರು. ಜಗಲಿಯ ಮೇಲೆ, ಆಸ್ಪತ್ರೆಯ ಸಾಲಿನಲ್ಲಿ, ಪಾರ್ಕಿನ ಬೆಂಚಿನಲ್ಲಿ, ಆಮೇಲೆ ಪತ್ರಗಳಲ್ಲೂ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಆಮೇಲೆ. ಚಿಕಿತ್ಸೆಯ ಸಲಹೆ ಇಲ್ಲಿಲ್ಲ. ಅದಕ್ಕೆ ನಿಮ್ಮ ಡಾಕ್ಟರೇ ಬೇಕು.

## ಮೊದಲು ತಿಳಿಯಬೇಕಾದ್ದು

ಕೀಲುನೋವು, ವಾತ, ಸಂಧಿವಾತ, ಆರ್ಥರೈಟಿಸ್ ಎಲ್ಲಾ ಒಂದೇನಾ?

ಮಾತಿನಲ್ಲಿ ಒಂದೇ, ಲೆಕ್ಕದಲ್ಲಿ ಅಲ್ಲ. ನಮ್ಮಲ್ಲಿ ಸೊಂಟ ಹಿಡಿದರೂ ವಾತ, ಬೆರಳು ಊದಿದರೂ ವಾತ. ಆದರೆ ಆರ್ಥರೈಟಿಸ್ ಎಂಬ ಹೆಸರಿನಡಿ ನೂರಕ್ಕೂ ಹೆಚ್ಚು ಕಾಯಿಲೆಗಳಿವೆ. ಅದರಲ್ಲಿ ಎರಡನ್ನು ತಿಳಿದುಕೊಂಡರೆ ಈ ಬರಹಕ್ಕೆ ಸಾಕು. ಒಂದು ಆಸ್ಟಿಯೋಆರ್ಥರೈಟಿಸ್, ಅಂದರೆ ನಾವು ಮಂಡಿ ಸವೆತ ಅನ್ನುವುದು. ವಯಸ್ಸು, ತೂಕ, ಹಳೇ ಪೆಟ್ಟು ಇವೆಲ್ಲ ಸೇರಿ ಬರುತ್ತದೆ. ಇನ್ನೊಂದು ರುಮಟಾಯ್ಡ್ ಆರ್ಥರೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಮನೆ, ಕೆಲಸ, ಮಕ್ಕಳು ಅಂತ ಓಡಾಡುವ 30ರಿಂದ 50ರ ವಯಸ್ಸಿನಲ್ಲೇ ಶುರುವಾಗುವುದು ಹೆಚ್ಚು.

ಮಂಡಿನೋವಿಂದ ಯಾರೂ ಸಾಯಲ್ಲ. ಮತ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ?

ಈ ಪ್ರಶ್ನೆಯಲ್ಲೇ ಸಮಸ್ಯೆ ಇದೆ. ಬಹಳ ಕಾಲ ಆರೋಗ್ಯ ಇಲಾಖೆಗಳು ಎಣಿಸುತ್ತಿದ್ದದ್ದು ಮುಖ್ಯವಾಗಿ ಸಾವನ್ನು. ಸಾವಿನ ಪಟ್ಟಿಯಲ್ಲಿ ಇಲ್ಲದ ಕಾಯಿಲೆಗೆ ದುಡ್ಡೂ ಇಲ್ಲ, ಗಮನವೂ ಇಲ್ಲ. ಸಂಧಿವಾತ ಆ ಪಟ್ಟಿಯಲ್ಲಿ ಕಾಣುವುದೇ ಅಪರೂಪ. ಅದು ತಿನ್ನುವುದು ದಿನಗಳನ್ನು. ಬೆಳಿಗ್ಗೆ ಏಳುವುದು, ನೀರು ತೋಡುವುದು, ಮೆಟ್ಟಿಲು ಹತ್ತುವುದು, ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವುದು. ಇಪ್ಪತ್ತು, ಮೂವತ್ತು ವರ್ಷ ಒಬ್ಬ ಮನುಷ್ಯ ಅರ್ಧ ಬದುಕು ಬದುಕಿದರೆ ಅದು ಯಾವ ಪಟ್ಟಿಗೆ ಸೇರಬೇಕು? ಅದಕ್ಕೊಂದು ಅಳತೆ ಬೇಕು ಅಂತಲೇ ಈ ಕೆಲಸವೆಲ್ಲ.

ಒಟ್ಟು ಎಷ್ಟು ಜನಕ್ಕೆ ಇದೆ? ಸುಮ್ನೆ ಒಂದು ನಂಬರ್ ಹೇಳಿ.

ಒಂದೇ ನಂಬರ್ ಹೇಳಿದರೆ ಸುಳ್ಳು ಹೇಳಿದ ಹಾಗೆ. ಮೂರು ಹೇಳುತ್ತೇನೆ.

ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಲ್ಲಿ ಭಾರತದಲ್ಲಿ ಆಸ್ಟಿಯೋಆರ್ಥರೈಟಿಸ್ ಇದ್ದವರು 1990ರಲ್ಲಿ ಸುಮಾರು 2.3 ಕೋಟಿ, 2019ರಲ್ಲಿ ಸುಮಾರು 6.2 ಕೋಟಿ. ಎರಡನೆಯದು, 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ. ಬೆಂಗಳೂರು, ಪುಣೆ, ಕೋಲ್ಕತ್ತ, ಆಗ್ರಾ, ಡೆಹ್ರಾಡೂನ್ ಹೀಗೆ ಐದು ಕಡೆ 40 ದಾಟಿದವರ ಮಂಡಿ ನೋಡಿದರು. ನೂರಕ್ಕೆ 28.7 ಜನರಲ್ಲಿ ಸವೆತ ಕಂಡಿತು. ಮೂರನೆಯದು, 1993ರಲ್ಲಿ ಉತ್ತರ ಭಾರತದ ಹಳ್ಳಿಗಳಿಂದ ಬಂದ ಅಧ್ಯಯನ. ರುಮಟಾಯ್ಡ್ ಇದ್ದದ್ದು ದೊಡ್ಡವರಲ್ಲಿ ನೂರಕ್ಕೆ 0.75.

ಇವು ಒಂದಕ್ಕೊಂದು ಹೊಂದುವುದಿಲ್ಲ ಅನ್ನಿಸುತ್ತೆ ಅಲ್ವಾ? ಯಾರನ್ನು ಎಣಿಸಿದರು, ಯಾವ ವಯಸ್ಸಿನವರು, ಎಕ್ಸ್‌ರೇ ನೋಡಿದರಾ, ಬಾಯಿಮಾತಲ್ಲಿ ಕೇಳಿದರಾ, ಇದರ ಮೇಲೆ ನಂಬರ್ ಬದಲಾಗುತ್ತದೆ. ಯಾರಾದರೂ ಶೇಕಡಾವಾರು ಹೇಳಿದರೆ ಮೊದಲು ಇದನ್ನೇ ಕೇಳಿ.

ಎಕ್ಸ್‌ರೇ ತೆಗೆದ್ರೆ ಗೊತ್ತಾಗಿಬಿಡುತ್ತಲ್ಲ?

ಮೂಳೆ ಗೊತ್ತಾಗುತ್ತದೆ, ಮನುಷ್ಯ ಗೊತ್ತಾಗುವುದಿಲ್ಲ. ಎಕ್ಸ್‌ರೇಯಲ್ಲಿ ಸವೆತಕ್ಕೆ 0ಯಿಂದ 4ರ ತನಕ ದರ್ಜೆ ಕೊಡುವ ಪದ್ಧತಿ 1957ರಿಂದ ಇದೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಮಾಡಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಆದರೆ ದರ್ಜೆ 3 ಇದ್ದವರು ದಿನಾ ಲಾಲ್‌ಬಾಗ್ ಸುತ್ತುವುದೂ ಉಂಟು, ದರ್ಜೆ 1 ಇದ್ದವರು ರಾತ್ರಿ ನಿದ್ದೆಯಿಲ್ಲದೆ ಹೊರಳುವುದೂ ಉಂಟು. ಹಾಗಾಗಿ ಚಿತ್ರವೊಂದನ್ನೇ ನಂಬಿ ಪರಿಣಾಮ ಅಳೆಯೋಕೆ ಆಗಲ್ಲ.

## ಬದುಕಿನ ಗುಣಮಟ್ಟ ಅಳೆಯುವುದು

ನನ್ನ ನೋವು ನನಗೆ. ಅದನ್ನ ನೀವು ಹೇಗೆ ಅಳೀತೀರಿ?

ನಿಜ, ನಿಮ್ಮ ನೋವಿನೊಳಗೆ ನಾನು ಇಳಿಯಲಾರೆ. ಆದರೆ ನಿಮ್ಮನ್ನೇ ಕೇಳಬಹುದು. ಮತ್ತು ಎಲ್ಲರನ್ನೂ ಒಂದೇ ರೀತಿ ಕೇಳಬಹುದು. ಆ ಒಂದೇ ರೀತಿ ಕೇಳುವುದರಲ್ಲೇ ಅಳತೆ ಇರುವುದು.

ಅತಿ ಸರಳವಾದದ್ದು ಒಂದು ಗೆರೆ. ಒಂದು ತುದಿ ‘ನೋವೇ ಇಲ್ಲ’, ಇನ್ನೊಂದು ತುದಿ ‘ಇದಕ್ಕಿಂತ ನೋವು ಇರೋಕೆ ಸಾಧ್ಯವಿಲ್ಲ’. ನೀವು ಎಲ್ಲಿದ್ದೀರಿ ಅಂತ ಗುರುತು ಹಾಕಬೇಕು. ಮಂಡಿ, ಸೊಂಟದ ಕೀಲಿಗೆ ವೊಮ್ಯಾಕ್ ಎಂಬ ಪ್ರಶ್ನಾವಳಿ ಇದೆ. 24 ಪ್ರಶ್ನೆ. 5 ನೋವಿನ ಬಗ್ಗೆ, 2 ಬಿಗಿತದ ಬಗ್ಗೆ, ಉಳಿದ 17 ದಿನನಿತ್ಯದ ಕೆಲಸಗಳ ಬಗ್ಗೆ. ಈ ಹಂಚಿಕೆಯನ್ನು ನೋಡಿ. ನೋವಿಗಿಂತ ಮೂರು ಪಟ್ಟು ಪ್ರಶ್ನೆಗಳು ಕೆಲಸಕ್ಕೆ.

ರುಮಟಾಯ್ಡ್‌ಗೆ ಹೆಚ್ಚು ಬಳಸುವುದು ಹ್ಯಾಕ್ ಪ್ರಶ್ನಾವಳಿ. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಿಂದ ಬಂದದ್ದು. ಬಟ್ಟೆ ಹಾಕಿಕೊಳ್ಳುವುದು, ಏಳುವುದು, ತಿನ್ನುವುದು, ನಡೆಯುವುದು ಹೀಗೆ 8 ಬಗೆಯ 20 ಕೆಲಸಗಳನ್ನು ಕೇಳುತ್ತದೆ. ಕಷ್ಟವಿಲ್ಲದಿದ್ದರೆ 0, ಮಾಡೋಕೇ ಆಗದಿದ್ದರೆ 3.

ನಮ್ಮಮ್ಮ ಯಾವಾಗ ಕೇಳಿದ್ರೂ ‘ಏನಿಲ್ಲ, ಚೆನ್ನಾಗಿದ್ದೀನಿ’ ಅಂತಾರೆ. ಅಂಥವರ ಉತ್ತರ ನಂಬೋದು ಹೇಗೆ?

ಇದಕ್ಕೆ ಶ್ರೀರಾಂಪುರದ ಒಂದು ಮನೆಯ ಕಥೆ ಹೇಳಬೇಕು.

ಅಜ್ಜಿಗೆ ಎಪ್ಪತ್ತು ದಾಟಿತ್ತು. ಬೆರಳುಗಳು ಒಂದು ಕಡೆಗೆ ವಾಲಿದ್ದವು. ‘ಸ್ನಾನ ನೀವೇ ಮಾಡ್ಕೋತೀರಾ ಅಜ್ಜಿ?’ ಅಂದೆ. ‘ಮಾಡ್ಕೋತೀನಮ್ಮ, ಏನೂ ತೊಂದ್ರೆ ಇಲ್ಲ’ ಅಂದರು. 0 ಅಂತ ಬರೆದುಕೊಂಡೆ. ಕೈ ತೊಳೆಯೋಕೆ ಹೋದಾಗ ಬಚ್ಚಲುಮನೆ ಕಾಣಿಸಿತು. ಒಂದು ಪ್ಲಾಸ್ಟಿಕ್ ಸ್ಟೂಲು. ಕಲ್ಲಿನ ಮೇಲೆ ಎತ್ತರಕ್ಕೆ ಇಟ್ಟ ಬಕೆಟ್ಟು, ಅರ್ಧ ನೀರು. ಚೊಂಬಿನ ಜಾಗದಲ್ಲಿ ಹಿಡಿಕೆ ಇರುವ ಹಗುರ ಮಗ್ಗು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿ ಕಟ್ಟಿದ್ದರು. ಸೊಸೆ ಹೇಳಿದರು: ‘ನೀರು ನಾನೇ ಬೆರೆಸಿಡ್ತೀನಿ ಮೇಡಂ, ಬೆನ್ನು ನಾನೇ ಉಜ್ತೀನಿ. ಅತ್ತೆಗೆ ಚಿಲಕ ತೆಗೆಯೋಕೆ ಆಗಲ್ಲ, ಒಂದ್ಸಲ ಒಳಗೇ ಸಿಕ್ಕಿಹಾಕ್ಕೊಂಡಿದ್ರು.’

ಅಜ್ಜಿ ಸುಳ್ಳು ಹೇಳಲಿಲ್ಲ. ಅವರ ಮಟ್ಟಿಗೆ ಸ್ನಾನ ಆಗುತ್ತಿತ್ತು. ಮನೆಯೇ ಅವರ ನೋವಿನ ಸುತ್ತ ತನ್ನನ್ನು ಬದಲಿಸಿಕೊಂಡಿತ್ತು. ಹೀಗಾಗುತ್ತೆ ಅಂತ ಹ್ಯಾಕ್ ಮಾಡಿದವರಿಗೂ ಗೊತ್ತಿತ್ತು. ಅದರ ಮೂಲ ನಿಯಮದಲ್ಲಿ, ಒಂದು ಬಗೆಯ ಕೆಲಸಕ್ಕೆ ಇನ್ನೊಬ್ಬರ ನೆರವೋ ಸಲಕರಣೆಯೋ ಬೇಕಾದರೆ ಅಂಕ 0 ಅಥವಾ 1 ಇದ್ದರೂ ಅದನ್ನು 2ಕ್ಕೆ ಏರಿಸಬೇಕು. ನಾನು ವಾಪಸ್ ಕೂತು ಮತ್ತೆ ಕೇಳಿದೆ: ‘ಯಾರಾದ್ರೂ ಸಹಾಯ ಮಾಡ್ತಾರಾ? ಏನನ್ನಾದ್ರೂ ಬೇರೆ ಥರ ಮಾಡ್ಕೊಂಡಿದ್ದೀರಾ?’ ಅಂಕ ಬದಲಾಯಿತು.

ನಿಮ್ಮ ಅಮ್ಮನನ್ನೂ ‘ಹೇಗಿದ್ದೀಯಾ’ ಅಂತ ಕೇಳಬೇಡಿ. ಕುಕ್ಕರ್ ಮುಚ್ಚಳ ಯಾರು ತೆಗೀತಾರೆ, ಹಸಿ ಬಟ್ಟೆ ಯಾರು ಹಿಂಡ್ತಾರೆ ಅಂತ ಕೇಳಿ.

ಈ ಪ್ರಶ್ನೆಗಳೆಲ್ಲ ಫಾರಿನ್ನಿಂದು. ಕನ್ನಡಕ್ಕೆ ಅನುವಾದ ಮಾಡಿದ್ರೆ ಮುಗೀತಲ್ವಾ?

ಮುಗಿಯಲ್ಲ. ಎಸ್‌ಎಫ್-36 ಎಂಬ ಹೆಸರಾಂತ ಪ್ರಶ್ನಾವಳಿ ‘ಒಂದು ಬ್ಲಾಕ್ ನಡೆಯೋಕೆ ಕಷ್ಟವಾ’ ಅಂತ ಕೇಳುತ್ತದೆ. ಅಮೆರಿಕದಲ್ಲಿ ಅದು ಎರಡು ಅಡ್ಡರಸ್ತೆಗಳ ನಡುವಿನ ದೂರ. ಜಯನಗರದಲ್ಲಿ ಕೇಳಿದರೆ ‘ಯಾವ ಬ್ಲಾಕ್? ಮೂರನೇದಾ ನಾಲ್ಕನೇದಾ?’ ಅನ್ನುತ್ತಾರೆ. ಅದೇ ಪ್ರಶ್ನಾವಳಿಯಲ್ಲಿ ಮಧ್ಯಮ ಶ್ರಮದ ಉದಾಹರಣೆ ಗಾಲ್ಫ್. ಹ್ಯಾಕ್‌ನಲ್ಲಿ ಮಾಂಸ ಕತ್ತರಿಸುವುದು, ಹಾಲಿನ ಹೊಸ ಡಬ್ಬ ತೆರೆಯುವುದು, ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುವುದು ಇವೆ. ನಂದಿನಿ ಪ್ಯಾಕೆಟ್ಟಿನ ಮೂಲೆ ಕತ್ತರಿಸುವ ಮನೆಯಲ್ಲಿ ಇದನ್ನು ಕೇಳಿ ಏನು ಪ್ರಯೋಜನ?

ಅದಕ್ಕಿಂತ ದೊಡ್ಡ ತೊಂದರೆ, ಅಲ್ಲಿ ಇಲ್ಲದ ಪ್ರಶ್ನೆಗಳದ್ದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂತು ಏಳುವುದು ನಮ್ಮಲ್ಲಿ ಊಟ, ಪೂಜೆ, ಶೌಚ ಎಲ್ಲಕ್ಕೂ ಬೇಕು. 2002ರಲ್ಲಿ ಪ್ರಕಟವಾದ ಭಾರತೀಯ ಹ್ಯಾಕ್ ಇದನ್ನು ಸರಿಮಾಡಿತು. 12 ಪ್ರಶ್ನೆ ಮಾತ್ರ. ಅದರಲ್ಲಿ ಕುಕ್ಕರಗಾಲಲ್ಲಿ ಅಥವಾ ಚಕ್ಕಳಮಕ್ಕಳ ಕೂರುವುದೂ ಇದೆ, ಮೂರು ಕಿಲೋಮೀಟರ್ ನಡೆಯುವುದೂ ಇದೆ.

ಭಾಷೆಯ ಕೆಲಸವೂ ನಿಧಾನದ್ದೇ. ಒಬ್ಬರು ಕನ್ನಡಕ್ಕೆ ತರುತ್ತಾರೆ, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಆಮೇಲೆ ನಿಜವಾದ ರೋಗಿಗಳ ಮುಂದೆ ಓದಿ ನೋಡಬೇಕು. ‘ಬಿಗಿತ’ ಅಂದರೆ ಬಹಳ ಜನ ನೋವು ಅಂದುಕೊಳ್ಳುತ್ತಾರೆ. ‘ಬೆಳಿಗ್ಗೆ ಎದ್ದಾಗ ಕೈಕಾಲು ಹಿಡ್ಕೊಂಡಿರುತ್ತಾ? ಸಡಿಲ ಆಗೋಕೆ ಎಷ್ಟು ಹೊತ್ತು?’ ಅಂದರೆ ತಕ್ಷಣ ‘ಕಾಫಿ ಆಗಿ, ತಿಂಡಿ ಆಗೋ ತನಕ’ ಅಂತ ಉತ್ತರ ಬರುತ್ತದೆ. ಆ ಉತ್ತರ ಸಣ್ಣದಲ್ಲ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ರುಮಟಾಯ್ಡ್‌ನದ್ದು ಗಂಟೆ ದಾಟಬಹುದು.

ನಿದ್ದೆ ಇಲ್ಲ, ಮನಸ್ಸು ಕುಗ್ಗಿದೆ. ಇದೂ ಲೆಕ್ಕಕ್ಕೆ ಬರುತ್ತಾ?

ಬರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಜೀವನ ಗುಣಮಟ್ಟದ ಪ್ರಶ್ನಾವಳಿ ದೇಹ, ಮನಸ್ಸು, ಸಂಬಂಧ, ಸುತ್ತಲಿನ ಪರಿಸರ ಹೀಗೆ ನಾಲ್ಕು ಕಡೆಯಿಂದ ನೋಡುತ್ತದೆ. ನಿದ್ದೆ, ಹಣ, ಓಡಾಟದ ಅನುಕೂಲ ಎಲ್ಲವೂ ಅದರಲ್ಲಿವೆ. ಕೀಲು ಊದಿಕೊಂಡಿರುವಾಗಿನ ಸುಸ್ತನ್ನು ಮನೆಯವರು ಸೋಮಾರಿತನ ಅಂದುಕೊಳ್ಳುವುದು ನನಗೆ ತುಂಬಾ ಬೇಸರ ತರಿಸುವ ವಿಷಯ. ಅದು ಕಾಯಿಲೆಯದೇ ಭಾಗ.

## ಜನರ ಮಟ್ಟದ ಲೆಕ್ಕ

ಪೇಪರ್‌ನಲ್ಲಿ ‘ಡ್ಯಾಲಿ’ ಅಂತ ಓದಿದೆ. ಅದೇನು, ಸರಳವಾಗಿ ಹೇಳಿ.

ಡ್ಯಾಲಿ ಅಂದರೆ ಕಳೆದುಹೋದ ಆರೋಗ್ಯದ ವರ್ಷಗಳು. ಬೇಗ ಸತ್ತು ಕಳೆದ ವರ್ಷ, ಕಾಯಿಲೆಯಲ್ಲಿ ಬದುಕಿ ಕಳೆದ ವರ್ಷ, ಎರಡನ್ನೂ ಕೂಡಿಸುತ್ತಾರೆ. ವಿಶ್ವ ಬ್ಯಾಂಕಿನ 1993ರ ವರದಿಯಿಂದ ಇದು ಎಲ್ಲ ಕಡೆ ಹರಡಿತು. ಸಂಧಿವಾತದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಎರಡನೆಯದು.

ಪ್ರತಿ ಸ್ಥಿತಿಗೂ ಒಂದು ತೂಕ ಇದೆ. ಪೂರ್ತಿ ಆರೋಗ್ಯಕ್ಕೆ 0, ಸಾವಿಗೆ 1. ಮಧ್ಯಮ ಮಟ್ಟದ ಮಂಡಿ ಸವೆತಕ್ಕೆ 0.079, ತೀವ್ರವಾದದ್ದಕ್ಕೆ 0.165. ಹಲವು ಕೀಲುಗಳಿಗೆ ಹರಡಿದ ಮಧ್ಯಮ ತೊಂದರೆಗೆ 0.317. ಒಬ್ಬರು ಮಧ್ಯಮ ಮಂಡಿ ಸವೆತದಲ್ಲಿ 20 ವರ್ಷ ಕಳೆದರೆ 20 × 0.079, ಅಂದರೆ 1.58 ವರ್ಷ ಹೋಯಿತು. ರುಮಟಾಯ್ಡ್ ಹಲವು ಕೀಲು ಹಿಡಿದು ಅಷ್ಟೇ ಕಾಲ ಇದ್ದರೆ 6.34 ವರ್ಷ. ಮಂಡಿ ಸವೆತ ಕೋಟಿಗಟ್ಟಲೆ ಜನರಿಗಿದೆ, ಹಾಗಾಗಿ ಸಣ್ಣ ತೂಕವೂ ಗುಡ್ಡೆಯಾಗುತ್ತದೆ. ರುಮಟಾಯ್ಡ್ ಕಡಿಮೆ ಜನರಿಗಿದೆ, ಆದರೆ ಒಬ್ಬೊಬ್ಬರಿಂದ ಕಿತ್ತುಕೊಳ್ಳುವುದು ಜಾಸ್ತಿ.

ಈ ತೂಕಗಳ ಬಗ್ಗೆ ನನಗೊಂದು ತಕರಾರಿದೆ. 2010ರ ಜಾಗತಿಕ ರೋಗಭಾರ ಅಧ್ಯಯನಕ್ಕೆ ಇಬ್ಬರು ಮನುಷ್ಯರ ಸ್ಥಿತಿ ವಿವರಿಸಿ ‘ಯಾರು ಹೆಚ್ಚು ಆರೋಗ್ಯವಂತರು’ ಅಂತ ಜನಸಾಮಾನ್ಯರನ್ನು ಕೇಳಿದರು. ಸಮೀಕ್ಷೆ ನಡೆದದ್ದು ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ಟಾಂಜಾನಿಯಾ, ಅಮೆರಿಕದಲ್ಲಿ. ಆಮೇಲೆ ಯುರೋಪಿನ ನಾಲ್ಕು ದೇಶ ಸೇರಿದವು. ನಮ್ಮ ಮನೆಗಳ ಬಾಗಿಲನ್ನು ಯಾರೂ ತಟ್ಟಲಿಲ್ಲ. ನೆಲದ ಮೇಲೆ ಕೂರುವವರಿಗೆ ಮಂಡಿ ಎಷ್ಟು ಮುಖ್ಯ ಅನ್ನೋದು 0.079ರಲ್ಲಿ ಪೂರ್ತಿ ಇದೆ ಅಂತ ನನಗೆ ಅನ್ನಿಸಲ್ಲ.

ಹಾಗಾದ್ರೆ ಭಾರತದವರನ್ನೇ ಕೇಳಿ ಮಾಡಿದ ಅಳತೆ ಇಲ್ವಾ?

ಇದೆ. ಇಕ್ಯೂ-5ಡಿ ಎಂಬ ಪ್ರಶ್ನಾವಳಿ ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ ಎಂಬ ಐದು ವಿಷಯ ಮಾತ್ರ ಕೇಳುತ್ತದೆ. ಪ್ರತಿಯೊಂದಕ್ಕೂ ಐದು ಹಂತ. ಒಟ್ಟು 3,125 ಸ್ಥಿತಿಗಳಾಗುತ್ತವೆ. ಯಾವ ಸ್ಥಿತಿಗೆ ಎಷ್ಟು ಬೆಲೆ ಅಂತ ಪ್ರತಿ ದೇಶವೂ ತನ್ನ ಜನರನ್ನು ಕೇಳಿ ನಿರ್ಧರಿಸಬೇಕು. ಚಂಡೀಗಢದ ಪಿಜಿಐಎಂಇಆರ್ ಎಂಬ ವೈದ್ಯಕೀಯ ಸಂಸ್ಥೆಯ ಮುಂದಾಳತ್ವದಲ್ಲಿ 3,500ಕ್ಕೂ ಹೆಚ್ಚು ಭಾರತೀಯರನ್ನು ಕೇಳಿ ಮಾಡಿದ ಬೆಲೆಪಟ್ಟಿ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಅತ್ಯಂತ ಕೆಟ್ಟ ಸ್ಥಿತಿಗೆ ಬಂದ ಬೆಲೆ -0.923. ಡ್ಯಾಲಿ ತೂಕಕ್ಕೆ ಇದು ತಿರುಗುಮುರುಗು: ಇಲ್ಲಿ ಪೂರ್ತಿ ಆರೋಗ್ಯಕ್ಕೆ 1, ಸೊನ್ನೆ ಅಂದರೆ ಸಾವು. ಕೆಲವು ಸ್ಥಿತಿಗಳು ಸಾವಿಗಿಂತ ಕಡೆ ಅಂತ ನಮ್ಮ ಜನ ಹೇಳಿದ್ದಾರೆ. ಒಂದು ಔಷಧಿಗೆ ಸರ್ಕಾರ ದುಡ್ಡು ಹಾಕಬೇಕಾ ಬೇಡವಾ ಅಂತ ತೂಗುವಾಗ ಇಂಥ ಬೆಲೆಗಳು ಬೇಕಾಗುತ್ತವೆ.

ಜನಗಣತಿಯಲ್ಲಿ ಇದೆಲ್ಲ ಬರಲ್ವಾ?

2011ರ ಜನಗಣತಿ ಅಂಗವೈಕಲ್ಯ ಕೇಳಿತ್ತು. ದೇಶದಲ್ಲಿ 2.68 ಕೋಟಿ ಜನ ಸಿಕ್ಕರು. ಅದರಲ್ಲಿ ‘ಚಲನೆ’ ಎಂಬ ಕಾಲಂ ಇದೆ, ಸಂಧಿವಾತ ಅಂತ ಇಲ್ಲ. ಮಂಡಿನೋವಿರುವ ಅಮ್ಮಂದಿರು ಆ ಕಾಲಂನಲ್ಲಿ ಹೆಸರು ಬರೆಸುವುದೂ ಇಲ್ಲ. 2017-18ರಲ್ಲಿ ಲಾಸಿ ಎಂಬ ಸಮೀಕ್ಷೆ 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ‘ಸಂಧಿವಾತ ಇದೆ ಅಂತ ಡಾಕ್ಟರ್ ಹೇಳಿದ್ದಾರಾ’ ಎಂಬ ಪ್ರಶ್ನೆ ಅದರಲ್ಲಿದೆ. ಡಾಕ್ಟರ ಹತ್ತಿರ ಹೋಗದವರು ಅಲ್ಲೂ ಬಿಟ್ಟುಹೋಗುತ್ತಾರೆ.

ಇದಕ್ಕಾಗಿಯೇ ಹುಟ್ಟಿದ್ದು 1981ರ ಕಾಪ್‌ಕಾರ್ಡ್ ಕಾರ್ಯಕ್ರಮ. ಮನೆಬಾಗಿಲಿಗೆ ಹೋಗಿ ಮೊದಲು ನೋವು ಕೇಳು, ಆಮೇಲೆ ಪ್ರಶ್ನಾವಳಿ, ಕೊನೆಗೆ ತಜ್ಞರ ಪರೀಕ್ಷೆ. 1996ರಲ್ಲಿ ಪುಣೆ ಜಿಲ್ಲೆಯ ಭಿಗ್ವಣ್ ಹಳ್ಳಿಯಲ್ಲಿ ಹೀಗೆ ಮಾಡಿದಾಗ ದೊಡ್ಡವರಲ್ಲಿ ನೂರಕ್ಕೆ 18 ಮಂದಿಗೆ ಕೀಲು, ಸ್ನಾಯುಗಳ ತೊಂದರೆ ಕಂಡಿತು.

ಚಿಕೂನ್‌ಗುನ್ಯಾ ಬಂದು ಹೋಯ್ತು, ಕೀಲುನೋವು ಮಾತ್ರ ಹೋಗ್ಲಿಲ್ಲ. ಅದನ್ನ ಯಾರು ಎಣಿಸ್ತಾರೆ?

ಜ್ವರ ಎಣಿಸುತ್ತಾರೆ, ಉಳಿದ ನೋವನ್ನು ಎಣಿಸುವುದು ಕಡಿಮೆ. 2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದವು. ಇಡೀ ದೇಶದ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮದೇ. ಕೆಲವರಿಗೆ ಕೀಲುನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಹಿಡಿಯಬೇಕೆಂದರೆ ಅದೇ ಜನರನ್ನು ಆರು ತಿಂಗಳು, ಒಂದು ವರ್ಷ ಬಿಟ್ಟು ಮತ್ತೆ ಹೋಗಿ ಕೇಳಬೇಕು.

ಸರಾಸರಿ ನೋಡಿದ್ರೆ ಸಾಲದಾ?

ಸಾಗರ ತಾಲ್ಲೂಕಿನ ಹಂದಿಗೋಡನ್ನು ನೆನೆಯಿರಿ. 1970ರ ದಶಕದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ಕೆಟ್ಟು ಜನ ತೆವಳುವ ಸ್ಥಿತಿಗೆ ಬಂದದ್ದು ಬೆಳಕಿಗೆ ಬಂತು. ವಂಶಪಾರಂಪರ್ಯವಾಗಿ ಬರುವ ಕಾಯಿಲೆ ಅದು. ರಾಜ್ಯದ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಆ ಕುಟುಂಬಗಳಿಗೆ ಅದೇ ಇಡೀ ಬದುಕು.

ಕೆಲಸ, ಸಂಬಳದ ನಷ್ಟ ಹೇಗೆ ಲೆಕ್ಕ ಹಾಕ್ತಾರೆ?

ರಜೆ ಹಾಕಿದ ದಿನ ಎಣಿಸುವುದು ಸುಲಭ. ಕೆಲಸಕ್ಕೆ ಬಂದೂ ಪೂರ್ತಿ ಕೆಲಸ ಮಾಡಲಾಗದ ದಿನ ಎಣಿಸುವುದು ಕಷ್ಟ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳು ಬೆರಳು ಊದಿದರೂ ರಜೆ ಹಾಕುವುದಿಲ್ಲ, ಟಾರ್ಗೆಟ್ ಮಾತ್ರ ಮುಟ್ಟುವುದಿಲ್ಲ. ಮನೆಗೆಲಸಕ್ಕಂತೂ ಸಂಬಳವೇ ಇಲ್ಲ, ಹಾಗಾಗಿ ಹಲವು ಲೆಕ್ಕಗಳಲ್ಲಿ ಅದರ ನಷ್ಟ ಸೊನ್ನೆ. ಶ್ರೀರಾಂಪುರದ ಆ ಸೊಸೆಯ ದಿನಾ ಒಂದು ಗಂಟೆಯನ್ನೂ ಯಾರೂ ಎಣಿಸಿಲ್ಲ. ಇದು ತಪ್ಪು ಅಂತ ನೇರವಾಗಿಯೇ ಹೇಳುತ್ತೇನೆ.

ಡಾಕ್ಟರ್ ‘ಸ್ಕೋರ್ ಚೆನ್ನಾಗಿದೆ’ ಅಂದ್ರು. ನನಗೆ ಹಾಗನ್ನಿಸ್ತಿಲ್ಲ. ಯಾರು ಸರಿ?

ಇಬ್ಬರೂ ಇರಬಹುದು. ರುಮಟಾಯ್ಡ್‌ಗೆ ಬಳಸುವ ಡಾಸ್-28 ಸ್ಕೋರು 28 ಕೀಲುಗಳನ್ನು ನೋಡುತ್ತದೆ. 2.6ಕ್ಕಿಂತ ಕೆಳಗಿದ್ದರೆ ಕಾಯಿಲೆ ಅಡಗಿದೆ ಅಂತ, 5.1 ದಾಟಿದರೆ ಜೋರಾಗಿದೆ ಅಂತ. ಆದರೆ ಆ 28ರಲ್ಲಿ ಪಾದದ ಕೀಲುಗಳಿಲ್ಲ. ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರಿಗೆ ಪಾದದ ನೋವೇ ದೊಡ್ಡದಾಗಿರಬಹುದು. ಅದನ್ನು ಬಾಯಿಬಿಟ್ಟು ಹೇಳಿ. ಹ್ಯಾಕ್ ಅಂಕದಲ್ಲಿ 0.22ರಷ್ಟು ಬದಲಾದರೆ ರೋಗಿಗೂ ಅನುಭವಕ್ಕೆ ಬರುವ ಬದಲಾವಣೆ ಅಂತ ಲೆಕ್ಕ. ಅದಕ್ಕಿಂತ ಸಣ್ಣ ಏರಿಳಿತಕ್ಕೆ ಗಾಬರಿ ಬೇಡ.

ಅಂಗವಿಕಲರ ಕಾರ್ಡ್ ಸಿಗುತ್ತಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಸಂಧಿವಾತ ಅಂತ ಬೇರೆ ಹೆಸರಿಲ್ಲ, ಚಲನೆಯ ತೊಂದರೆಯ ಅಡಿಯಲ್ಲಿ ನೋಡುತ್ತಾರೆ. ಬಹುತೇಕ ಸೌಲಭ್ಯಕ್ಕೆ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ಕೀಲು ಎಷ್ಟು ಬಾಗುತ್ತೆ, ಬಲ ಎಷ್ಟಿದೆ ಅನ್ನೋದೇ ಅಲ್ಲಿ ಮುಖ್ಯ.

ಬೆಂಗಳೂರಿಗೆ ಅಂತಲೇ ಪ್ರಶ್ನಾವಳಿ ಮಾಡಿದ್ರೆ ನೀವು ಏನೇನು ಕೇಳ್ತೀರಿ?

ಮೊದಲು ಬಸ್ಸಿನ ಮೆಟ್ಟಿಲು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಸಾದಾ ಬಸ್ಸಿನ ಮೊದಲ ಮೆಟ್ಟಿಲು ಎತ್ತರಕ್ಕೇ ಇದೆ. ‘ಬಸ್ ಬಂದಾಗ ಹತ್ತೋಕೆ ಆಗ್ತಿದೆಯಾ, ಇಲ್ಲಾ ಬಿಟ್ಟುಬಿಡ್ತೀರಾ?’ ಅಂತ ಕೇಳುತ್ತೇನೆ. ಆಮೇಲೆ ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ. ನೀರು ಬಂದ ದಿನ ಬಿಂದಿಗೆ ಯಾರು ಎತ್ತಿಡುತ್ತಾರೆ. ಫುಟ್‌ಪಾತಿನ ಕಲ್ಲು ಎದ್ದಿರುವ ಕಡೆ ರಸ್ತೆಗೆ ಇಳಿದು ನಡೆಯುತ್ತೀರಾ.

ಕೊನೆಗೆ ಒಂದು ಪ್ರಶ್ನೆ: ಹೋದ ವರ್ಷ ಮಾಡ್ತಿದ್ದು ಈ ವರ್ಷ ಬಿಟ್ಟ ಕೆಲಸ ಯಾವುದು? ಇದನ್ನು ಸುಮ್ಮನೆ ಮಾತಿಗೆ ಅಂತ ಹಲವರನ್ನು ಕೇಳಿದ್ದೇನೆ. ಒಬ್ಬರು ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗೋದು ಅಂದರು. ಇನ್ನೊಬ್ಬರು ಬಾಗಿಲಿಗೆ ರಂಗೋಲಿ, ಈಗ ಸ್ಟಿಕರ್ ಅಂಟಿಸಿದ್ದೀವಿ ಅಂದರು. ಶ್ರೀರಾಂಪುರದ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ‘ಮೊಮ್ಮಗಳಿಗೆ ಜಡೆ ಹಾಕೋದು’ ಅಂದರು. ನನ್ನ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ.